ಅಪ್ಪ ಬರೆಸಿದ ಸದ್ದಿನ ನಕ್ಷೆ

ನನ್ನ ಮಗಳು ಓದುವ ಮೇಜಿನ ಮುಂದೆ, ಗೋಡೆಗೆ ಒಂದು ಹಾಳೆ ಅಂಟಿಸಿದೆ. ಹಾಳೆಯ ನಟ್ಟನಡುವೆ ಒಂದು ಗುಣಾಕಾರದ ಗುರುತು. ಅದರ ಸುತ್ತ ಎಲ್ಲೆಂದರಲ್ಲಿ ಚುಕ್ಕೆಗಳು, ಅಲೆಗಳು, ಬಾಣಗಳು, ಪಕ್ಕದಲ್ಲಿ ಅವಳ ಓರೆಕೋರೆ ಅಕ್ಷರಗಳು. ಮನೆಗೆ ಬಂದವರು "ಇದೇನ್ರೀ, ನಿಧಿ ನಕ್ಷೇನಾ?" ಅಂತ ನಗ್ತಾರೆ. ನಾನೂ ನಕ್ಕು ಸುಮ್ಮನಾಗ್ತೀನಿ. ಅಷ್ಟುದ್ದದ ಕಥೆ ಕಾಫಿ ಕುಡಿಯೋ ಹೊತ್ತಲ್ಲಿ ಹೇಳೋಕಾಗಲ್ಲ. ಬರೀಬೇಕು ಬರೀಬೇಕು ಅಂದುಕೊಂಡು ಮುಂದಕ್ಕೆ ಹಾಕ್ತಾ ಬಂದಿದ್ದೆ, ಇವತ್ತು ಕೂತಿದ್ದೀನಿ.

ಕಥೆ ಶುರುವಾಗೋದು ಅಪ್ಪನ ಕಣ್ಣಿಂದ.

2021ರಲ್ಲೇ ಇರಬೇಕು, ಅಪ್ಪ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳೋಕೆ ಶುರು ಮಾಡಿದ. ಪಕ್ಕದಲ್ಲಿಟ್ಟ ಚೊಂಬು ಕಾಲಿಗೆ ಸಿಕ್ಕಿ ಉರುಳೋದು. "ವಯಸ್ಸಾಯ್ತು ಕಣಪ್ಪ, ಪೊರೆ ಬಂದೈತೇನೋ" ಅಂತ ಅವನೇ ಅಂದ. ನಾನೂ ಹೌದು ಅಂದುಕೊಂಡೆ. ಪೊರೆ ತಾನೇ, ಬಲಿತ ಮೇಲೆ ಆಪರೇಷನ್ ಮಾಡಿಸಿದ್ರಾಯ್ತು, ಈಗ ಆಫೀಸಲ್ಲಿ ರಜ ಸಿಗಲ್ಲ, ಮುಂದಿನ ಬೇಸಗೆಗೆ ನೋಡೋಣ... ಹೀಗೇ ಎರಡು ವರ್ಷ ಹೋಯ್ತು. 2023ರಲ್ಲಿ ಕೊನೆಗೂ ಕರ್ಕೊಂಡು ಹೋದಾಗ ಡಾಕ್ಟರು ಪೊರೆ ಅಲ್ಲ, ಗ್ಲಾಕೋಮಾ ಅಂದರು. ಕಣ್ಣಿನೊಳಗಿನ ಒತ್ತಡಕ್ಕೆ ನರ ನಿಧಾನವಾಗಿ ಸಾಯ್ತಾ ಹೋಗುತ್ತೆ, ಮೊದಲು ಅಕ್ಕಪಕ್ಕದ ನೋಟ ಹೋಗುತ್ತೆ, ನೋವೇ ಇರಲ್ಲವಾದ್ದರಿಂದ ಬಹಳ ಜನಕ್ಕೆ ಗೊತ್ತೇ ಆಗಲ್ಲ. ಹೋದ ನೋಟ ವಾಪಸ್ಸು ಬರಲ್ಲ. ಉಳಿದದ್ದನ್ನ ಡ್ರಾಪ್ಸ್ ಹಾಕಿ ಉಳಿಸ್ಕೋಬೇಕು ಅಷ್ಟೆ. ಅಪ್ಪನ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿಗೆ ಒಂದಿಷ್ಟು, ಅದೂ ಮಬ್ಬು ಮಬ್ಬು.

ಎರಡು ವರ್ಷ ಮೊದಲೇ ಕರ್ಕೊಂಡು ಬಂದಿದ್ರೆ? ಅಂತ ನಾನು ಡಾಕ್ಟರನ್ನ ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು.

ಅಪ್ಪನನ್ನ ಊರಿಂದ ಬೆಂಗಳೂರಿಗೆ ಕರ್ಕೊಂಡು ಬಂದ್ವಿ. ಊರು ಅಂದ್ರೆ ಮಧುಗಿರಿ ಸೀಮೆ, ಆ ಏಕಶಿಲಾ ಬೆಟ್ಟ ಕಾಣೋ ಕಡೆ. ಮೂರನೇ ಮಹಡಿಯ ಮನೆಯಲ್ಲಿ ಅಪ್ಪ ಸೋಫಾದ ಒಂದು ಮೂಲೆ ಹಿಡಿದ. ಬೀಳ್ತಾನೆ ಅಂತ ನಾನು ಹೊರಗೆ ಬಿಡ್ತಿರಲಿಲ್ಲ. ಟಿವಿ ಹಾಕಿ ಕೊಡ್ತಿದ್ವಿ, ಕೇಳಿಸ್ಕೊಂಡು ಕೂರ್ತಿದ್ದ. ಮಾತು ಕಮ್ಮಿ ಆಯ್ತು. ಏನಾದರೂ ಬೇಕಾ ಅಂದ್ರೆ "ಏನೂ ಬ್ಯಾಡ" ಅನ್ನೋದೊಂದೇ. ನಾನು ಅದನ್ನ ಸಮಾಧಾನ ಅಂದುಕೊಂಡಿದ್ದೆ!

ಹೀಗಿರುವಾಗ 2025ರ ಫೆಬ್ರವರಿಯಲ್ಲಿ, ಶಿವರಾತ್ರಿಗೆ ಇನ್ನು ಹತ್ತು ದಿನ ಇರುವಾಗ, ಮಗಳದ್ದು ಒಂದು ಹಟ. ಪರಿಚಯದವರೊಬ್ಬರ ಪಕ್ಷಿಪ್ರಿಯರ ಗುಂಪು ಮಕ್ಕಳನ್ನ ಕರ್ಕೊಂಡು ಮೈದನಹಳ್ಳಿಯ ಹುಲ್ಲುಗಾವಲಿಗೆ ಹೊರಟಿತ್ತು. ಬೆಳಗಿನ ನಡಿಗೆ, ಆಮೇಲೆ ಚಿತ್ರ ಬಿಡಿಸೋದು, ಅಚ್ಚು ತೆಗೆಯೋದು ಇತ್ಯಾದಿ. ಇವಳು "ತಾತನೂ ಬರ್ಲಿ" ಅಂದ್ಲು. ನಾನು "ತಾತಂಗೆ ಅಲ್ಲಿ ಏನು ಕಾಣುತ್ತೆ ಪುಟ್ಟಿ?" ಅಂದೆ. ಸೋಫಾದ ಮೂಲೆಯಿಂದ ಅಪ್ಪ ಕೇಳಿದ, "ಎಲ್ಲಿಗೆ?"

"ಮೈದನಹಳ್ಳಿಗೆ ಕಣಪ್ಪ, ಕೊಡಿಗೇನಹಳ್ಳಿ ಆ ಕಡೆ. ಕೃಷ್ಣಮೃಗ ನೋಡೋಕೆ."

"ಜಿಂಕೆ ಕಾವಲಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಬತ್ತೀನಿ" ಅಂದ.

ನಿಜ ಹೇಳ್ತೀನಿ, ನನಗೆ ಇಷ್ಟ ಇರಲಿಲ್ಲ. ಗುಂಪಿನಲ್ಲಿ ಎಲ್ಲರೂ ದುರ್ಬೀನು, ಮಾರುದ್ದದ ಕ್ಯಾಮೆರಾ ಹಿಡಿದು ಬರ್ತಾರೆ. ಅವರ ನಡುವೆ ಕೈ ಹಿಡ್ಕೊಂಡು ನಡೆಸಬೇಕಾದ ಮುದುಕ. ಎಲ್ಲರಿಗೂ ತೊಂದರೆ ಅಂತ ಬಾಯಲ್ಲಿ ಹೇಳಿದೆ. ಒಳಗೆ ಇದ್ದದ್ದು ನಾಚಿಕೆ.

ಈ ಜಾಗದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದರ ಸರ್ಕಾರಿ ಹೆಸರು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿ ಸೇರುವ ಜಯಮಂಗಲಿ ಹೊಳೆಯ ಹೆಸರೇ ಇದಕ್ಕೂ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಅಂಚಿನಲ್ಲಿ, ಆಂಧ್ರದ ಗಡಿ ಹತ್ತಿರ, 798 ಎಕರೆ ಬಯಲು. 2007ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬರುವವರೆಗೆ ಇಂಥದ್ದೊಂದು ವರ್ಗವೇ ಇರಲಿಲ್ಲ. ರಾಣೆಬೆನ್ನೂರು ಬಿಟ್ಟರೆ ನಮ್ಮ ರಾಜ್ಯದಲ್ಲಿ ಕೃಷ್ಣಮೃಗ ಇಷ್ಟು ಸಂಖ್ಯೆಯಲ್ಲಿ ಕಾಣೋದು ಇಲ್ಲೇ. ಅಭಯಾರಣ್ಯ ಅಂದಕೂಡಲೇ ನಿಮ್ಮ ಕಣ್ಣ ಮುಂದೆ ದಟ್ಟ ಕಾಡು ಬಂದರೆ ಮರೆತುಬಿಡಿ. ಇಲ್ಲಿರೋದು ಮಂಡಿಯುದ್ದದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಬಂದ್ರೆ, ತಂಗಡಿ ಗಿಡ, ಒಂದು ಕಡೆ ನೀಲಗಿರಿ ತೋಪು. ಅಷ್ಟೆ. ಇಂಥ ಬಯಲನ್ನ ಬ್ರಿಟಿಷರ ಕಾಲದಿಂದಲೂ ಲೆಕ್ಕದ ಪುಸ್ತಕದಲ್ಲಿ "ಪಾಳುಭೂಮಿ" ಅಂತಲೇ ಬರೆದದ್ದು. ಮರ ಇಲ್ಲ ಅಂದ್ರೆ ಏನೂ ಇಲ್ಲ ಅಂತ! ಅದಕ್ಕೇ ಎಷ್ಟೋ ಹುಲ್ಲುಗಾವಲುಗಳಲ್ಲಿ ನೀಲಗಿರಿ ನೆಟ್ಟು "ಅಭಿವೃದ್ಧಿ" ಮಾಡಿಬಿಟ್ಟರು.

ಬೆಳಗ್ಗೆ ಆರೂವರೆಗೆ ಅಲ್ಲಿದ್ವಿ. ಚಳಿ ಇನ್ನೂ ಶಿವಶಿವಾ ಅಂದಿರಲಿಲ್ಲ. ಅರಣ್ಯ ಇಲಾಖೆಯ ಅನುಮತಿ ಮೊದಲೇ ತಗೊಂಡಿದ್ದರು, ಕಾವಲುಗಾರರೊಬ್ಬರು ಜೊತೆಗೆ ಬಂದರು. ನಡೆಸುವವರು ನಿವೃತ್ತ ಶಾಲಾ ಮೇಷ್ಟ್ರು. ಮೊದಲನೇ ಮಾತೇ, "ಮೊಬೈಲು ಬಂದ್ ಮಾಡಿ ಜೇಬಲ್ಲಿಡಿ. ಒಬ್ಬರ ಹಿಂದೆ ಒಬ್ಬರು, ದಾರಿ ಬಿಟ್ಟು ಇಳಿಯೋ ಹಾಗಿಲ್ಲ. ಇಲ್ಲಿ ಹಕ್ಕಿಗಳು ಮನೆ ಮಾಡೋದು ಮರದ ಮೇಲಲ್ಲ, ನಿಮ್ಮ ಕಾಲ ಕೆಳಗೆ." ಟಿಟ್ಟಿಭ, ನೆಲಗುಬ್ಬಿ ಎಲ್ಲ ನೆಲದ ಮೇಲೇ ಮೊಟ್ಟೆ ಇಡೋದಂತೆ, ಬೆಣಚುಕಲ್ಲಿನ ನಡುವೆ ಇಟ್ಟರೆ ಮೊಟ್ಟೆ ಯಾವುದು ಕಲ್ಲು ಯಾವುದು ತಿಳಿಯಲ್ಲವಂತೆ. ಅಪ್ಪನನ್ನ ನೋಡಿ ಅವರು ಒಂದು ಕ್ಷಣ ಸುಮ್ಮನಾದರು. ನಾನು ವಿವರಿಸೋಕೆ ಬಾಯಿ ತೆಗೆಯೋದರೊಳಗೆ, "ಯಜಮಾನ್ರೇ, ನೀವು ನನ್ನ ಹಿಂದೇನೇ ಬನ್ನಿ. ನನ್ನ ಕೋಲಿನ ಆ ತುದಿ ಹಿಡ್ಕೊಳ್ಳಿ" ಅಂದರು.

ಅರ್ಧ ಗಂಟೆ ನಡೆದಿರಬೇಕು. ಕಾವಲುಗಾರ ಕೈ ಎತ್ತಿ ನಿಲ್ಲಿಸಿದ. ಎಡಕ್ಕೆ, ಇನ್ನೂರು ಮುನ್ನೂರು ಅಡಿ ದೂರದಲ್ಲಿ ಹಿಂಡು. ಮೂವತ್ತರ ಮೇಲಿರಬೇಕು. ತಿಳಿಕಂದು ಬಣ್ಣದ ಹೆಣ್ಣುಗಳು, ಮರಿಗಳು, ನಡುವೆ ಒಂದೇ ಒಂದು ಕಪ್ಪು ಗಂಡು, ತಿರುಪು ತಿರುಪು ಕೊಂಬು ಹಿಂದಕ್ಕೆ ಚಾಚಿಕೊಂಡು ರಾಜನ ಹಾಗೆ. ಗಂಡಿಗೆ ವಯಸ್ಸಾದಂತೆಲ್ಲ ಮೈ ಕಪ್ಪಾಗ್ತಾ ಹೋಗುತ್ತಂತೆ. ನಾವು ಉಸಿರು ಬಿಗಿ ಹಿಡಿದು ನೋಡ್ತಿದ್ದಹಾಗೇ ಒಂದು ಹೆಣ್ಣು ಛಂಗನೆ ಮೇಲಕ್ಕೆ ಹಾರಿತು. ನಾಲ್ಕೂ ಕಾಲು ನೆಲ ಬಿಟ್ಟು. ಅದರ ಹಿಂದೆ ಇನ್ನೊಂದು, ಮತ್ತೊಂದು. ಇಡೀ ಹಿಂಡೇ ಹಾರಿ ಹಾರಿ ಓಡಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿ ಅದು. ಇದನ್ನ ಅಟ್ಟಿಸಿಕೊಂಡು ಹೋಗ್ತಿದ್ದ ಚೀತಾ ನಮ್ಮ ದೇಶದಿಂದ ಅಳಿದುಹೋಯ್ತು ಅಂತ 1952ರಲ್ಲೇ ಘೋಷಿಸಿದರು, ಇಲ್ಲಿ ಈಗ ಅಟ್ಟಿಸುವವರು ಯಾರೂ ಇಲ್ಲ, ಓಟ ಮಾತ್ರ ಉಳಿದಿದೆ ಅಂತ ಮೇಷ್ಟ್ರು ಆಮೇಲೆ ಹೇಳಿದರು.

ನನಗೆ ಆಗ ಅಪ್ಪನ ನೆನಪಾಯ್ತು. ತಿರುಗಿ ನೋಡಿದೆ.

ಅಪ್ಪ ಬಲಕ್ಕೆ ಮುಖ ಮಾಡಿ ನಿಂತಿದ್ದ. ಎಲ್ಲರೂ ಎಡಕ್ಕೆ ನೋಡ್ತಿದ್ದರೆ ಅವನೊಬ್ಬ ಬಲಕ್ಕೆ, ಕತ್ತು ಮುಂದೆ ಚಾಚಿ, ಇರೋ ಒಂದು ಕಣ್ಣನ್ನ ಕಿರಿದು ಮಾಡಿ, ಖಾಲಿ ಹುಲ್ಲನ್ನ ನೋಡ್ತಿದ್ದ. ನಾನು ಹೋಗಿ ಅವನ ಭುಜ ಹಿಡಿದು ತಿರುಗಿಸಿದೆ. "ಅಲ್ಲಿ ಕಣಪ್ಪ, ಅಲ್ಲಿ, ಅಲ್ಲಿ..." ಅಷ್ಟರಲ್ಲಿ ಹಿಂಡು ದಿಬ್ಬ ದಾಟಿತ್ತು. "ಊಂ, ಊಂ, ಕಾಣ್ತು" ಅಂದ ಅಪ್ಪ. ಕಂಡಿರಲಿಲ್ಲ. ನನಗೆ ಬೇಜಾರಾಗಬಾರದು ಅಂತ ಅಂದದ್ದು. ಅದು ನನಗೂ ಗೊತ್ತು, ನನಗೆ ಗೊತ್ತಾಯ್ತು ಅನ್ನೋದು ಅವನಿಗೂ ಗೊತ್ತು.

ಆ ಬೆಳಗ್ಗೆ ಅಷ್ಟಕ್ಕೇ ಮುಗಿದಿದ್ದರೆ ನಾನು ಮತ್ತೆ ಅಪ್ಪನನ್ನ ಎಲ್ಲಿಗೂ ಕರ್ಕೊಂಡು ಹೋಗ್ತಿರಲಿಲ್ಲ ಅನ್ನಿಸುತ್ತೆ.

ಮೇಷ್ಟ್ರು ಇದನ್ನೆಲ್ಲ ನೋಡಿದ್ದರೋ ಏನೋ. ಹಿಂಡು ಇದ್ದ ಕಡೆ ದಾರಿ ತಿರುಗಿದಾಗ ಒಂದು ಕಡೆ ನಿಂತರು. ಹುಲ್ಲು ಸವೆದು ಬಯಲಾದ ಜಾಗದಲ್ಲಿ ಕರಿ ಹಿಕ್ಕೆಯ ಗುಡ್ಡೆ. ಒಣಗಿದ್ದೂ ಇತ್ತು, ಹಸಿಯದ್ದೂ ಇತ್ತು. ಅಪ್ಪನ ಕೈಗೆ ಒಂದು ಹಿಡಿ ಒಣಹಿಕ್ಕೆ ಹಾಕಿದರು. ಅಪ್ಪ ಬೆರಳಲ್ಲಿ ಹೊರಳಿಸಿದ, ಒಂದನ್ನ ಒಡೆದ, ಮೂಸಿದ. "ಕುರೀದಲ್ಲ" ಅಂದ. "ಒಂದೇ ಜಾಗದಾಗೆ ಇಷ್ಟು ಹಾಕೈತೆ ಅಂದ್ರೆ, ಇದು ಹೋತದ್ದು. ದಿನಾ ಬಂದು ಇಲ್ಲೇ ಹಾಕ್ತದೆ."

ಮೇಷ್ಟ್ರ ಮುಖ ಅರಳಿತು. ಮಕ್ಕಳ ಕಡೆ ತಿರುಗಿ, "ಕೇಳಿದ್ರಾ? ಇದು ಗಂಡು ಕೃಷ್ಣಮೃಗದ ಗಡಿಕಲ್ಲು. ಈ ಜಾಗ ನಂದು ಅಂತ ಉಳಿದ ಗಂಡುಗಳಿಗೆ ಹೇಳೋ ಬೋರ್ಡು" ಅಂದರು. ಆಮೇಲೆ ಅಪ್ಪನನ್ನ, "ನಿಮಗೆ ಹೆಂಗೆ ಗೊತ್ತು ಯಜಮಾನ್ರೇ?"

"ಎಂಟೊಂಬತ್ತು ವರ್ಸದೋನು ಕುರಿ ಹಿಂದೆ ಹೊಂಟೋನು ಸಾಮಿ. ಇಂಥ ಕಾವಲ್ನಾಗೇ ಬೆಳ್ದಿದ್ದು" ಅಂದ ಅಪ್ಪ. ಅಷ್ಟಕ್ಕೆ ನಿಲ್ಲಿಸದೆ, ಬಲೆ ಹಾಕಿ ಬುರ್ಲಿ ಹಿಡೀತಿದ್ದದ್ದು, ಗೌಜಲಕ್ಕಿ ಸಾರು ಮಾಡ್ತಿದ್ದದ್ದು ಎಲ್ಲಾ ಹೇಳಿಬಿಟ್ಟ. ಅದೂ ಅರಣ್ಯ ಕಾವಲುಗಾರನ ಮುಂದೆ! ಕಾವಲುಗಾರ ನಕ್ಕು, "ಈಗ ಹಿಡಿದ್ರೆ ನಾನು ನಿಮ್ಮನ್ನ ಹಿಡೀಬೇಕಾಯ್ತದೆ ತಾತ" ಅಂದ.

ನೀರಿನ ಗುಂಡಿ ಹತ್ತಿರ ಕೆಸರಿನಲ್ಲಿ ಗೊರಸಿನ ಗುರುತುಗಳಿದ್ದವು. ಮಕ್ಕಳು ಅದರ ಸುತ್ತ ರಟ್ಟಿನ ಬಳೆ ಇಟ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲೆಸಿ ಸುರಿದರು. ಗಟ್ಟಿಯಾಗೋವರೆಗೆ ಇನ್ನೊಂದು ಆಟ. ಒಂದು ರಟ್ಟಿನ ಚೂರಿಗೆ ಎಷ್ಟು ಬಣ್ಣ ಸಿಗುತ್ತೋ ಅಷ್ಟು ಬಣ್ಣದ ಉದುರಿದ ಚೂರುಗಳನ್ನ ಜೋಡಿಸಬೇಕು, ಕೊನೆಗೆ ಎಲ್ಲಾ ಅಲ್ಲೇ ಉದುರಿಸಿ ಬರಬೇಕು. ಬರೀ ಒಣಹುಲ್ಲಿನ ಹಳದಿ ಅಂದುಕೊಂಡಿದ್ದ ಜಾಗದಲ್ಲಿ ಮಗಳು ಹದಿನಾಲ್ಕು ಬಣ್ಣ ತಂದಳು.

ದಾರಿ ಪಕ್ಕದ ಮರಗಳ ಹತ್ತಿರ ಕಣ್ಣಿಗೆ ಬಟ್ಟೆ ಕಟ್ಟುವ ಆಟ. ಜೊತೆಗಾರರು ಕೈ ಹಿಡಿದು ಸುತ್ತಿಬಳಸಿ ಒಂದು ಮರದ ಹತ್ತಿರ ಬಿಡ್ತಾರೆ, ಅದನ್ನ ಮುಟ್ಟಿ, ತಬ್ಬಿ, ಮೂಸಿ ಗುರುತು ಮಾಡ್ಕೋಬೇಕು. ವಾಪಸ್ಸು ಬಂದು ಬಟ್ಟೆ ಬಿಚ್ಚಿದ ಮೇಲೆ ನಿಮ್ಮ ಮರ ಯಾವುದು ಹುಡುಕಬೇಕು. ಅಮೆರಿಕದ ಜೋಸೆಫ್ ಕಾರ್ನೆಲ್ ಅನ್ನುವವರು 1979ರಲ್ಲಿ ಬರೆದ "ಶೇರಿಂಗ್ ನೇಚರ್ ವಿತ್ ಚಿಲ್ಡ್ರನ್" ಪುಸ್ತಕದಲ್ಲಿ ಈ ಆಟ ಇದೆ, ಈಗ ಜಗತ್ತಿನ ಎಷ್ಟೋ ಕಡೆ ಆಡಿಸ್ತಾರೆ. ಬಟ್ಟೆ ಹಂಚುವ ಹುಡುಗಿ ಅಪ್ಪನ ಮುಂದೆ ಬಂದು ತಡವರಿಸಿದಳು. "ನಂಗೂ ಕಟ್ಟವ್ವ. ಆಟ ಅಂದ್ಮೇಲೆ ಎಲ್ರಿಗೂ ಒಂದೇ" ಅಂದ ಅಪ್ಪ. ಎಲ್ಲರೂ ನಕ್ಕರು. ನನ್ನ ಗಂಟಲು ಮಾತ್ರ ಕಟ್ಟಿತು.

ಕೊನೆಯದು ಸದ್ದಿನ ನಕ್ಷೆ. ಒಬ್ಬೊಬ್ಬರಿಗೂ ಒಂದು ಹಾಳೆ, ಪೆನ್ಸಿಲ್. ಹಾಳೆ ನಡುವೆ ಗುಣಾಕಾರದ ಗುರುತು, ಅದು ನೀವು. ಹತ್ತು ನಿಮಿಷ ಅಲ್ಲಾಡದೆ ಕೂರಬೇಕು. ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಏನು ಕೇಳಿಸುತ್ತೋ ಅದನ್ನ ಹಾಳೆಯಲ್ಲಿ ಆ ದಿಕ್ಕಿಗೆ, ಆ ದೂರಕ್ಕೆ ಗುರುತು ಮಾಡಬೇಕು. ಹೆಸರು ಗೊತ್ತಿಲ್ಲದಿದ್ರೆ ಗೀಟು ಹಾಕಿದ್ರೂ ಸಾಕು. ಅಪ್ಪನಿಗೆ ಬರೆಯೋಕಾಗಲ್ಲವಲ್ಲ, ಮಗಳು ಅವನ ಕೈ ಆದಳು. ಅವನು ಬೆರಳು ಚಾಚಿ ಪಿಸುಗುಟ್ಟೋದು, ಇವಳು ಗುರುತು ಹಾಕೋದು.

ಹತ್ತು ನಿಮಿಷ ಆದಮೇಲೆ ನೋಡಿದರೆ ನನ್ನ ಹಾಳೆಯಲ್ಲಿ ಐದು ಗುರುತು. ಹಕ್ಕಿ, ಹಕ್ಕಿ, ಗಾಳಿ, ಇನ್ನೊಂದು ಹಕ್ಕಿ, ಯಾವುದೋ ಮೋಟಾರು.

ಅಪ್ಪನದರಲ್ಲಿ ಹತ್ತೊಂಬತ್ತು.

ಬಲಕ್ಕೆ ಟಿಟ್ಟಿಭ, ಅದೂ ಒಂದಲ್ಲ ಎರಡು, ಒಂದು ಕೂಗಿದ್ದಕ್ಕೆ ಇನ್ನೊಂದು ಓಗೊಟ್ಟದ್ದು. ಹಿಂದೆ ಗೌಜಲು. ತಲೆ ಮೇಲೆ "ಮ್ಯಾಲೆ ಹೋಗಿ ಸಿಳ್ಳೆ ಹೊಡ್ಕಂಡು ಬೀಳ್ತದಲ್ಲ ಆ ಗುಬ್ಬಿ". ಅದು ನೆಲಗುಬ್ಬಿ ಅಂತ ಮೇಷ್ಟ್ರು ಬರೆಸಿದರು. ನಾನು ಗಾಳಿ ಅಂತ ಒಂದು ಅಲೆ ಎಳೆದಿದ್ದ ಕಡೆ ಅಪ್ಪ ಎರಡು ಬರೆಸಿದ್ದ. ಹುಲ್ಲಿನ ಗಾಳಿ ಬೇರೆ, ನೀಲಗಿರಿ ತೋಪಿನ ಗಾಳಿ ಬೇರೆ. ಮಿಡತೆ. ಜೇನು. ಬೇಲಿಯಾಚೆ ಎಲ್ಲೋ ಕುರಿಮಂದೆ, ಅದರಲ್ಲಿ ಒಂದಕ್ಕೇ ಗಂಟೆ. ದೂರದಲ್ಲಿ ರಾಗಿ ಮಿಷಿನ್ ಅಂತ ಒಂದು ಬರೆಸಿದ್ದ, ಅದೊಂದು ತಪ್ಪಾಗಿತ್ತು. ಅದು ಬೋರ್‌ವೆಲ್ ಲಾರಿ ಅಂದ ಕಾವಲುಗಾರ. "ಇನ್ನೂ ಕೊರೀತಾವ್ರಾ? ಎಷ್ಟಡಿಗೆ ಹೋಗೈತೆ?" ಅಂತ ಕೇಳಿ, ಸಾವಿರ ದಾಟೈತೆ ಅಂದಿದ್ದಕ್ಕೆ ಅಪ್ಪ ತಲೆ ಅಲ್ಲಾಡಿಸಿದ. ಐವತ್ತಡಿ ಬಾವಿಯಲ್ಲಿ ನೀರು ಸೇದಿದವನು ಅವನು.

ಇನ್ನು ನಡುವಿನ ಗುರುತಿಗೆ ಒತ್ತಿಕೊಂಡಂತೆ ಒಂದು ಪುಟ್ಟ ಚೌಕ. ಪಕ್ಕದಲ್ಲಿ ಮಗಳ ಅಕ್ಷರ: "ಅಪ್ಪ. ಜಿಪ್. 4 ಸಲ."

ನಾನು ಹತ್ತು ನಿಮಿಷದಲ್ಲಿ ನಾಲ್ಕು ಸಲ ಜಾಕೆಟ್ಟಿನ ಜೇಬಿನ ಜಿಪ್ ಎಳೆದು ಮೊಬೈಲ್ ನೋಡಿದ್ದೆ. ಬಂದ್ ಮಾಡಿರಲಿಲ್ಲ. ಯಾರಿಗೂ ಕಾಣಲ್ಲ ಅಂದುಕೊಂಡಿದ್ದೆ. ಹೌದು, ಕಾಣಲಿಲ್ಲ. ಕೇಳಿಸಿತು.

ಎಲ್ಲರ ಹಾಳೆಗಳನ್ನೂ ಹುಲ್ಲಿನ ಮೇಲೆ ಸಾಲಾಗಿ ಹಾಸಿದರು. ಮೇಷ್ಟ್ರು ಅಪ್ಪನ ಹಾಳೆ ಮುಂದೆ ನಿಂತು ಮಕ್ಕಳಿಗೆ ಒಂದೇ ಮಾತು ಹೇಳಿದರು, "ಇವರ ಕಿವಿಯಲ್ಲಿ ಈ ಹುಲ್ಲುಗಾವಲು ಪೂರ್ತಿ ಇದೆ. ನಾವು ಅರ್ಧಂಬರ್ಧ ನೋಡಿಕೊಂಡು ಹೋಗ್ತೀವಿ." ಅಪ್ಪ ಸಂಕೋಚದಿಂದ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

ಇದನ್ನ ಕುರುಡರಿಗೆ ಕಿವಿ ಚುರುಕು ಅನ್ನೋ ಹಳೇ ಕಥೆ ಅಂತ ದಯವಿಟ್ಟು ಓದಬೇಡಿ. ಅಪ್ಪನ ಕಿವಿಗೆ ಯಾವ ಪವಾಡವೂ ಆಗಿಲ್ಲ. ಅವನಿಗೆ ಆ ಸದ್ದುಗಳೆಲ್ಲ ಅರವತ್ತು ವರ್ಷದಿಂದ ಗೊತ್ತಿತ್ತು, ಅಷ್ಟೆ. ನಾನು ಅವನನ್ನ ಮೂರನೇ ಮಹಡಿಯ ಸೋಫಾ ಮೇಲೆ ಕೂರಿಸಿ, ಅವುಗಳಲ್ಲಿ ಒಂದೂ ಕೇಳಿಸದ ಹಾಗೆ ಮಾಡಿದ್ದೆ. ಕಣ್ಣನ್ನ ಕಾಯಿಲೆ ಕಿತ್ತುಕೊಂಡಿತು ಸರಿ. ಕಿವಿಗೆ ಇದ್ದದ್ದನ್ನ ಕಿತ್ತುಕೊಂಡವನು ನಾನು.

ಇನ್ನೊಂದು ಯೋಚನೆಯೂ ಬಂತು. ನಮ್ಮ ಪ್ರಕೃತಿ ನಡಿಗೆಗಳೆಲ್ಲ ಕಣ್ಣಿಗಾಗಿಯೇ ಮಾಡಿದವು. ಎಷ್ಟು ಕಂಡೆ, ಯಾವುದರ ಫೋಟೋ ಸಿಕ್ಕಿತು, ಪಟ್ಟಿಗೆ ಎಷ್ಟು ಸೇರಿತು. ಆ ಮೇಷ್ಟ್ರು ಮಾಡಿದ್ದು ದೊಡ್ಡದೇನೂ ಅಲ್ಲ. ಕೋಲಿನ ತುದಿ ಕೊಟ್ಟರು, ಕೈಗೆ ಹಿಕ್ಕೆ ಹಾಕಿದರು, ಒಂದು ಹಾಳೆ ಕೊಟ್ಟರು. ಖರ್ಚು ಏನಿಲ್ಲ. ಆದರೆ ಅಷ್ಟು ಇದ್ದರೆ ಕಣ್ಣು ಮಂಜಾದವರು, ಮಂಡಿ ನೋವಿನವರು, ದುರ್ಬೀನು ಕೊಳ್ಳೋಕಾಗದವರು ಎಲ್ಲರೂ ಬರಬಹುದು. ನಡಿಗೆ ನಡೆಸುವ ಗೆಳೆಯರು ಇದನ್ನ ಓದ್ತಿದ್ದರೆ ಯೋಚನೆ ಮಾಡಿ.

ವಾಪಸ್ಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮಗಳು ಗೊರಸಿನ ಅಚ್ಚನ್ನ ತಾತನ ಕೈಗೆ ಕೊಟ್ಟಳು. ಚೂಪು ತುದಿಯ ಎರಡು ಹೋಳು. ಅಪ್ಪ ಅದರ ಮೇಲೆ ಹೆಬ್ಬೆರಳು ಆಡಿಸ್ತಾ, "ಇಷ್ಟೇ ಇಷ್ಟು ಕಾಲು ನೋಡು. ಹೆಂಗ್ ನೆಗೆದ್ವೇ ಅವು, ಹೇಳು" ಅಂದ. ಅವಳು ಹೇಳೋಕೆ ಶುರು ಮಾಡಿದಳು. ಒಂದೊಂದೇ ಜಿಂಕೆ, ಒಂದೊಂದೇ ನೆಗೆತ, ಕೊಡಿಗೇನಹಳ್ಳಿಯಿಂದ ದೊಡ್ಡಬಳ್ಳಾಪುರದವರೆಗೂ. ಮಧ್ಯೆ ಒಂದು ಸಲ ಅಪ್ಪ ನನ್ನ ಕಡೆ ಕೇಳಿದ, "ಮತ್ತೆ ಯಾವಾಗ್ಲಾ ಹೋಗೋದು?" ಊರು ಬಿಟ್ಟು ಬಂದಮೇಲೆ ಅವನು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ ಮೊದಲನೇ ವಸ್ತು ಅದು.

ಆ ಅಚ್ಚು ಈಗಲೂ ಅವನ ಎಲೆಅಡಿಕೆ ಚೀಲದಲ್ಲಿದೆ. ಒಂದು ತುದಿ ಮುಕ್ಕಾಗಿದೆ.

ಎಲ್ಲಾ ಸರಿಹೋಯ್ತು ಅಂತ ಬರೆದು ಮುಗಿಸೋಕೆ ಆಸೆ. ಆದರೆ ಸುಳ್ಳಾಗುತ್ತೆ. ಮೈದನಹಳ್ಳಿಗೆ ಮತ್ತೆ ಹೋಗಿಲ್ಲ. ಹತ್ತಿರದ ಕೆರೆ ಏರಿಗೆ ಭಾನುವಾರ ಬೆಳಗ್ಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ, ತಿಂಗಳಿಗೊಂದು ಸಲ ಆದರೆ ಹೆಚ್ಚು. ಹೋದ ದಿನ ಮಾತ್ರ ಏರಿ ಮೇಲೆ ಕಲ್ಲುಬೆಂಚಿನಲ್ಲಿ ಮೂವರೂ ಕೂತು ನಕ್ಷೆ ಬರೀತೀವಿ. ಹೋದ ಸಲ ನಂದು ಒಂಬತ್ತಕ್ಕೆ ಬಂತು. ಜಿಪ್ ಇಲ್ಲದ ಅಂಗಿ ಹಾಕ್ಕೊಂಡು ಹೋಗ್ತೀನಿ! ಗ್ಲಾಕೋಮಾ ಮನೆತನದಲ್ಲಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ, ಹಾಗಾಗಿ ನಾನೂ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಂಡೆ. ಸದ್ಯಕ್ಕೆ ಏನಿಲ್ಲ. ನಲವತ್ತು ದಾಟಿದವರು ನೀವೂ ಒಂದು ಸಲ ಮಾಡಿಸಿ. ಮನೆಯಲ್ಲಿ ಹಿರಿಯರು ಬಾಗಿಲಿಗೆ ಭುಜ ತಾಗಿಸಿಕೊಂಡರೆ ವಯಸ್ಸಾಯ್ತು ಅಂದುಕೊಂಡು ಕೂರಬೇಡಿ.

ಈಗ ನಿಮ್ಮ ಸರದಿ. ನಾಳೆ ಬೆಳಗ್ಗೆ ನಿಮ್ಮ ಮನೆ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು ನೋಡಿ, ಅಲ್ಲಲ್ಲ, ಕೂತು ಕೇಳಿ. ಎಷ್ಟು ಗುರುತು ಆಯ್ತು ಅಂತ ಬಂದು ಹೇಳಿ. ಅಪ್ಪನಿಗೆ ಓದಿ ಹೇಳ್ತೀನಿ.